ಒಂದೇ ‘ಗುರುತಿಸು’, ಇಂಗ್ಲಿಷಿನಲ್ಲಿ ಹತ್ತು ದಾರಿ: ಯಾವ ಕ್ರಿಯಾಪದ ಎಲ್ಲಿಗೆ?

ಹೋದ ತಿಂಗಳು ಒಂದು ಸಂಜೆ ಅಕ್ಕನ ಮಗಳು ಹಾಸನದಿಂದ ಫೋನ್ ಮಾಡಿದಳು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿದ್ದಾಳೆ, ಕೆಲಸಕ್ಕೆ ಅರ್ಜಿ ಹಾಕಬೇಕು. ತನಗೆ ಏನೇನು ಬರುತ್ತದೆ ಅಂತ ಮೊದಲು ಕನ್ನಡದಲ್ಲಿ ಬರೆದುಕೊಂಡಿದ್ದಳು: ‘ರಕ್ತದ ಗುಂಪು ಗುರುತಿಸುತ್ತೇನೆ. ಮಲೇರಿಯಾ ಗುರುತಿಸುತ್ತೇನೆ. ಬಿಳಿ ರಕ್ತಕಣಗಳನ್ನು ಗುರುತಿಸುತ್ತೇನೆ.’ ಇಂಗ್ಲಿಷಿಗೆ ತಿರುಗಿಸಲು ಫೋನಿನಲ್ಲಿ ನಿಘಂಟು ತೆರೆದರೆ ‘ಗುರುತಿಸು’ ಅನ್ನುವ ಒಂದು ಪದಕ್ಕೆ ಸಾಲಾಗಿ ಏಳು ಪದ ಬಂದವಂತೆ. ರೆಕಗ್ನೈಸ್, ಐಡೆಂಟಿಫೈ, ಡಿಟೆಕ್ಟ್, ಡಿಸ್ಟಿಂಗ್ವಿಶ್, ಡಿಸರ್ನ್, ಪರ್ಸೀವ್, ನೋಟಿಸ್. ‘ಚಿಕ್ಕಮ್ಮಾ, ಡಿಸರ್ನ್ ಅನ್ನೋದು ಚೆನ್ನಾಗಿ ಕಾಣ್ತಿದೆ, ಅದನ್ನೇ ಮೂರು ಕಡೆ ಹಾಕಿಬಿಡಲಾ?’ ಅಂದಳು.

ಬೇಡ ಅಂದೆ. ಯಾಕೆ ಬೇಡ ಅಂತ ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರವಣಿಗೆ ಕಲಿಸುತ್ತಾ ಬಂದ ನನಗೆ ಈ ಪ್ರಶ್ನೆ ಹೊಸದಲ್ಲ. ಅನುವಾದ ಮಾಡುವವರು ಕೇಳುತ್ತಾರೆ, ಪರೀಕ್ಷೆ ಬರೆಯುವವರು ಕೇಳುತ್ತಾರೆ, ಆಫೀಸಿನಲ್ಲಿ ಮೇಲ್ ಬರೆಯುವವರೂ ಕೇಳುತ್ತಾರೆ. ಆ ಮುಕ್ಕಾಲು ಗಂಟೆಯ ಮಾತನ್ನೇ ಇಲ್ಲಿ ಸ್ವಲ್ಪ ಹದವಾಗಿ ಬರೆದಿದ್ದೇನೆ. ಅವಳ ಲ್ಯಾಬನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವ ಆ ಕೆಲಸದಲ್ಲಿ ಈ ಪದಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ಬೇಕಾಗುತ್ತವೆ, ಪ್ರತಿಯೊಂದೂ ಬೇರೆ ಬೇರೆ ಜಾಗದಲ್ಲಿ.

ಮೊದಲು ಕೇಳಿಕೊಳ್ಳಬೇಕಾದ್ದು

ನಿಘಂಟು ನೋಡಿ ಪದ ಆರಿಸಬೇಡಿ. ನಿಘಂಟಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಎಲ್ಲವೂ ಸಮ ಅನ್ನಿಸುತ್ತದೆ. ಅದರ ಬದಲು ನಿಮ್ಮ ಕನ್ನಡ ವಾಕ್ಯವನ್ನೇ ಐದು ಪ್ರಶ್ನೆ ಕೇಳಿ.

ಒಂದು: ತಾನಾಗಿ ಕಣ್ಣಿಗೆ ಬಿತ್ತಾ, ಬೇಕಂತಲೇ ನೋಡಿದ್ದಾ? ಎರಡು: ಕಂಡದ್ದು ಒಂದು ವಸ್ತುವಾ, ಎರಡು ವಸ್ತುಗಳ ನಡುವಿನ ವ್ಯತ್ಯಾಸವಾ? ಮೂರು: ಅದರ ಪರಿಚಯ ಮೊದಲೇ ಇತ್ತಾ? ನಾಲ್ಕು: ಎಷ್ಟು ಕಷ್ಟವಾಯಿತು, ಮಸುಕಾಗಿತ್ತಾ, ಅಡಗಿತ್ತಾ, ಎದುರಿಗೇ ಇತ್ತಾ? ಐದು: ಎಲ್ಲಿಗೆ ಬರೆಯುತ್ತಿದ್ದೀರಿ, ಸ್ನೇಹಿತೆಗೆ ಮೆಸೇಜಾ, ಲ್ಯಾಬ್ ವರದಿಯಾ, ಲೇಖನವಾ?

ಈ ಐದರಲ್ಲಿ ಎರಡನೆಯದು ಮತ್ತು ಮೂರನೆಯದೇ ಹೆಚ್ಚಿನ ತಪ್ಪನ್ನು ತಡೆಯುತ್ತವೆ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಕನ್ನಡದಲ್ಲಿ ಇಂಥ ಸೂಕ್ಷ್ಮ ಇಲ್ಲ ಅಂತ ಯಾರೂ ಅಂದುಕೊಳ್ಳಬಾರದು. ‘ನೋಡಿದೆ, ಆದರೆ ಕಾಣಲಿಲ್ಲ’ ಅಂತ ನಾವು ದಿನಾ ಹೇಳುತ್ತೇವೆ. ನೋಡುವುದು ನಾನು ಮಾಡುವ ಕೆಲಸ, ಕಾಣುವುದು ನನಗೆ ಆಗುವ ಸಂಗತಿ. ಅದಕ್ಕೇ ‘ನಾನು ನೋಡಿದೆ’, ಆದರೆ ‘ನನಗೆ ಕಾಣಿಸಿತು’. ಲುಕ್ ಮತ್ತು ಸೀ ನಡುವಿನ ವ್ಯತ್ಯಾಸ ಇದೇ. ‘ಕೇಳಿಸಿತು’ ಅಂದರೆ ಹಿಯರ್, ‘ಕಿವಿಗೊಟ್ಟು ಕೇಳಿದೆ’ ಅಂದರೆ ಲಿಸನ್. ಇಷ್ಟನ್ನು ತಾಯಿನುಡಿಯಿಂದಲೇ ಕಲಿತು ಬಂದಿದ್ದೇವೆ, ಅದರ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ‘ಕಾಣ್ತಾ ಇದೆ’ ಅನ್ನೋದನ್ನು ಹಾಗೇ ಎತ್ತಿಕೊಂಡು ‘ಐ ಆ್ಯಮ್ ಸೀಯಿಂಗ್’ ಅಂತ ಬರೆಯಬೇಡಿ. ‘ಐ ಕ್ಯಾನ್ ಸೀ’ ಅನ್ನಬೇಕು. ತೊಡಕು ಇರುವುದು ‘ಗುರುತಿಸು’ವಿನಲ್ಲಿ. ಅದು ಒಬ್ಬಳೇ ಸೊಸೆಯ ಹಾಗೆ ಮನೆಯ ಎಲ್ಲ ಕೆಲಸವನ್ನೂ ಮಾಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಹತ್ತು ಜನರಿಗೆ ಹಂಚಿಹೋಗಿದೆ.

ನೋಟಿಸ್, ಅಬ್ಸರ್ವ್, ಸ್ಪಾಟ್

ಸುಮ್ನೆ ಕೂತಿದ್ದಾಗ ಏನೋ ಗಮನಕ್ಕೆ ಬಂತು ಅಂದರೆ ನೋಟಿಸ್. ಪ್ರಯತ್ನ ಇಲ್ಲ, ಹುಡುಕಾಟ ಇಲ್ಲ. ಸ್ಲೈಡ್ ಎತ್ತಿಕೊಳ್ಳುವಾಗ ಅದರ ಬಣ್ಣ ಎಂದಿಗಿಂತ ಜಾಸ್ತಿ ನೀಲಿಯಾಗಿರುವುದು ಹುಡುಗಿಯ ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಅವಳು ಅದನ್ನು ಹುಡುಕಿರಲಿಲ್ಲ, ಅದೇ ಕಂಡಿತು. ಅದು ನೋಟಿಸ್. ಕನ್ನಡದಲ್ಲಿ ‘ನೋಟಿಸ್ ಬಂತು’ ಅಂದರೆ ವಕೀಲರ ಕಾಗದವೋ ತೆರಿಗೆಯವರ ಕಾಗದವೋ ಆಗಿಬಿಟ್ಟಿರುವುದರಿಂದ ನಮ್ಮವರು ಈ ಕ್ರಿಯಾಪದವನ್ನು ಬಳಸಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ದಿನಬಳಕೆಯ ಇಂಗ್ಲಿಷಿನಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ಪದ ಈ ಗುಂಪಿನಲ್ಲಿ ಕಡಿಮೆ.

ಅಬ್ಸರ್ವ್ ಅಂದರೆ ಬೇಕಂತಲೇ, ಸ್ವಲ್ಪ ಹೊತ್ತು, ಗಮನವಿಟ್ಟು ನೋಡುವುದು. ಆಸ್ಪತ್ರೆಯಿಂದ ಬಂದವರು ‘ಒಂದು ದಿನ ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದಾರೆ’ ಅಂತಾರೆ. ಅದರ ಅರ್ಥ ನಮಗೆಲ್ಲ ಸರಿಯಾಗಿಯೇ ಗೊತ್ತು: ಏನಾಗುತ್ತದೆ ಅಂತ ಕಾದು ನೋಡುತ್ತಿದ್ದಾರೆ, ಬರೆದಿಡುತ್ತಿದ್ದಾರೆ. ಇದರ ಲ್ಯಾಟಿನ್ ಬೇರಿನಲ್ಲೂ ಕಾಯುವ, ಕಾಪಾಡುವ ಅರ್ಥವಿದೆ. ಅದಕ್ಕೇ ಇದೇ ಕ್ರಿಯಾಪದ ಉಪವಾಸಕ್ಕೆ, ಮೌನಕ್ಕೆ, ನಿಯಮಕ್ಕೂ ಬರುತ್ತದೆ. ಅಲ್ಲಿ ಅದು ‘ಪಾಲಿಸು’. ಹೆಸರುಪದವೂ ಬೇರೆಯಾಗುತ್ತದೆ: ನೋಡುವುದಕ್ಕೆ ಅಬ್ಸರ್ವೇಷನ್, ಪಾಲಿಸುವುದಕ್ಕೆ ಅಬ್ಸರ್ವೆನ್ಸ್.

ಅನುವಾದಕರಿಗೆ ಇಲ್ಲಿ ಒಂದು ಮಾತು. ‘ದ ಕೋರ್ಟ್ ಅಬ್ಸರ್ವ್ಡ್’ ಅನ್ನೋದನ್ನು ‘ನ್ಯಾಯಾಲಯ ಗಮನಿಸಿತು’ ಅಂತ ಬರೆದಿರುವುದನ್ನು ನೋಡಿದ್ದೇನೆ. ಅಲ್ಲಿ ಅಬ್ಸರ್ವ್ ಅಂದರೆ ನೋಡುವುದಲ್ಲ, ಹೇಳುವುದು. ‘ನ್ಯಾಯಾಲಯ ಅಭಿಪ್ರಾಯಪಟ್ಟಿತು’ ಅಂತ ಪತ್ರಿಕೆಯವರು ಬರೆಯುವುದೇ ಸರಿ.

ಸ್ಪಾಟ್ ಅಂದರೆ ಥಟ್ಟನೆ ಕಣ್ಣಿಗೆ ಬೀಳುವುದು, ಅದರಲ್ಲೂ ಸುಲಭಕ್ಕೆ ಕಾಣದ್ದು. ಊರಂಚಿನಲ್ಲಿ ಚಿರತೆ ಕಾಣಿಸಿಕೊಂಡರೆ ಇಂಗ್ಲಿಷ್ ಪತ್ರಿಕೆಯ ತಲೆಬರಹದಲ್ಲಿ ಇದೇ ಪದ. ಚಿಕ್ಕದು, ಚುರುಕು, ಆಡುಮಾತಿಗೆ ಹತ್ತಿರ. ಮಕ್ಕಳ ಪುಸ್ತಕದಲ್ಲಿ ಎರಡು ಚಿತ್ರ ಕೊಟ್ಟು ವ್ಯತ್ಯಾಸ ಹುಡುಕಿ ಅನ್ನುವ ಆಟಕ್ಕೂ ಇದೇ. ಲ್ಯಾಬ್ ವರದಿಗೆ, ಕಚೇರಿಯ ಪತ್ರಕ್ಕೆ ಬೇಡ.

ರೆಕಗ್ನೈಸ್ ಮತ್ತು ಐಡೆಂಟಿಫೈ: ಇಲ್ಲಿ ನಿಧಾನವಾಗಿ ಹೋಗೋಣ

ಅತಿ ಹೆಚ್ಚು ಜನ ಎಡವುವುದು ಈ ಜೋಡಿಯಲ್ಲಿ. ಒಂದು ಸಲ ಹಾಸನದ ಬಸ್ ನಿಲ್ದಾಣದಲ್ಲಿ ಒಬ್ಬರು ನನ್ನನ್ನು ನೋಡಿ ನಕ್ಕರು. ಕೈಯಲ್ಲಿ ತೆಂಗಿನಕಾಯಿ ಚೀಲ, ಹಣೆಯಲ್ಲಿ ದೊಡ್ಡ ಕುಂಕುಮ. ಮುಖ ನನಗೆ ಚೆನ್ನಾಗಿ ಗೊತ್ತು. ಎಲ್ಲೋ ನೋಡಿದ್ದೇನೆ, ಮಾತಾಡಿದ್ದೇನೆ, ಊಟವನ್ನೂ ಮಾಡಿದ್ದೇನೆ. ಆದರೆ ಯಾರು ಅಂತ ಹೊಳೆಯಲಿಲ್ಲ. ನಾನೂ ನಕ್ಕೆ. ‘ಚೆನ್ನಾಗಿದ್ದೀರಾ?’ ಅಂದೆ. ಬಸ್ ಹತ್ತಿ ಚನ್ನರಾಯಪಟ್ಟಣ ದಾಟಿದ ಮೇಲೆ ನೆನಪಾಯಿತು, ಅಕ್ಕನ ಮದುವೆಯಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಂಡವರು.

ನಿಲ್ದಾಣದಲ್ಲಿ ಆದದ್ದು ರೆಕಗ್ನೈಸ್. ಚನ್ನರಾಯಪಟ್ಟಣದ ಆಚೆ ಆದದ್ದು ಐಡೆಂಟಿಫೈ.

ರೆಕಗ್ನೈಸ್ ಅಂದರೆ ಮೊದಲೇ ಗೊತ್ತಿದ್ದದ್ದನ್ನು ಮತ್ತೆ ಕಂಡಾಗ ‘ಓ, ಇದು ಅದೇ’ ಅನ್ನಿಸುವುದು. ಪದದ ಒಳಗೇ ‘ಮತ್ತೆ ತಿಳಿ’ ಅಂತ ಇದೆ. ಹಾಗಾಗಿ ಮೊದಲಿನ ಪರಿಚಯ ಇಲ್ಲದೆ ಈ ಪದ ನಿಲ್ಲುವುದಿಲ್ಲ. ಐಡೆಂಟಿಫೈ ಅಂದರೆ ಇದು ಇಂಥದ್ದೇ, ಇವರು ಇಂಥವರೇ ಅಂತ ಹೆಸರಿಟ್ಟು ಹೇಳುವುದು. ಅದಕ್ಕೆ ಹಳೆಯ ಪರಿಚಯವೇ ಬೇಕು ಅಂತಿಲ್ಲ, ಲಕ್ಷಣಗಳ ಪಟ್ಟಿ ಸಾಕು. ಹಕ್ಕಿ ನೋಡುವವರು ಜೀವನದಲ್ಲಿ ಮೊದಲ ಬಾರಿ ಕಂಡ ಹಕ್ಕಿಯನ್ನೂ ಕೊಕ್ಕು, ಹುಬ್ಬಿನ ಗೆರೆ, ಬಾಲದ ಉದ್ದ ನೋಡಿ ಇಂಥ ಹಕ್ಕಿ ಅಂತ ಹೇಳಿಬಿಡುತ್ತಾರೆ. ಅಲ್ಲಿ ಐಡೆಂಟಿಫೈ ಇದೆ, ರೆಕಗ್ನೈಸ್ ಇಲ್ಲ.

ಈಗ ರಕ್ತದ ಗುಂಪು. ಬಿಳಿ ಹಂಚಿನ ಮೇಲೆ ರಕ್ತದ ಹನಿಗಳನ್ನು ಇಟ್ಟು, ಒಂದಕ್ಕೆ ಎ ವಿರುದ್ಧದ ಸೀರಂ (ಎ ಅಂಶವಿರುವ ಕೆಂಪುಕಣಗಳನ್ನು ಗಂಟುಕಟ್ಟಿಸುವ ದ್ರವ), ಇನ್ನೊಂದಕ್ಕೆ ಬಿ ವಿರುದ್ಧದ ಸೀರಂ ಹಾಕಿ ಕಲಕುತ್ತಾರೆ. ಎಲ್ಲಿ ರಕ್ತ ರವೆಯಂತೆ ಗಂಟುಗಂಟಾಗುತ್ತದೆ ಅಂತ ನೋಡಿ ಗುಂಪು ಹೇಳುತ್ತಾರೆ. ಆ ರೋಗಿಯ ರಕ್ತದ ಪರಿಚಯ ಹುಡುಗಿಗೆ ಮೊದಲೇ ಇರಲಿಲ್ಲ. ಲಕ್ಷಣ ನೋಡಿ ಹೆಸರು ಕೊಟ್ಟಳು. ಅಲ್ಲಿಗೆ ಐಡೆಂಟಿಫೈ. ಡಿಸರ್ನ್ ಅಂತ ಬರೆದಿದ್ದರೆ ‘ಎಷ್ಟೋ ಹೊತ್ತು ದಿಟ್ಟಿಸಿ ಹೇಗೋ ಕಂಡುಕೊಂಡೆ’ ಅನ್ನುವ ಧ್ವನಿ ಬರುತ್ತಿತ್ತು. ರಕ್ತದ ಗುಂಪಿನ ವಿಷಯದಲ್ಲಿ ಹಾಗೆ ಹೇಳುವವರನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ?

ರೆಕಗ್ನೈಸ್‌ಗೆ ಇನ್ನೊಂದು ಮುಖ ಇದೆ, ಮಾನ್ಯತೆ ಕೊಡುವುದು. 2008ರಲ್ಲಿ ಕೇಂದ್ರ ಸರ್ಕಾರ ಕನ್ನಡವನ್ನು ಶಾಸ್ತ್ರೀಯ ಭಾಷೆ ಅಂತ ರೆಕಗ್ನೈಸ್ ಮಾಡಿತು. ಅಲ್ಲಿ ಐಡೆಂಟಿಫೈ ಹಾಕಿದರೆ ಅರ್ಥ ಕೆಡುತ್ತದೆ, ಯಾವುದೋ ಗೊತ್ತಿಲ್ಲದ ಭಾಷೆಯನ್ನು ಪರೀಕ್ಷಿಸಿ ಹೆಸರು ಪತ್ತೆಹಚ್ಚಿದ ಹಾಗಾಗುತ್ತದೆ. ‘ಗುರುತಿಸು’ ಕನ್ನಡದಲ್ಲೂ ಈ ಕೆಲಸ ಮಾಡುತ್ತದೆ, ‘ಅವರ ಸೇವೆಯನ್ನು ಸರ್ಕಾರ ಗುರುತಿಸಿದೆ’ ಅಂತೀವಲ್ವಾ? ಅಂಥ ಕಡೆ ಕಣ್ಣುಮುಚ್ಚಿ ರೆಕಗ್ನೈಸ್ ಹಾಕಿ.

ಡಿಟೆಕ್ಟ್: ಅಡಗಿದ್ದನ್ನು ಹೊರತರುವುದು

ಲ್ಯಾಟಿನ್ನಿನಲ್ಲಿ ಇದರ ಮೂಲ ಅರ್ಥ ಮುಚ್ಚಳ ತೆಗೆಯುವುದು. ಪಾತ್ರೆಯ ಮುಚ್ಚಳ ತೆಗೆದು ಒಳಗೆ ಏನಿದೆ ನೋಡಿದ ಹಾಗೆ. ಇಂದಿಗೂ ಆ ವಾಸನೆ ಹೋಗಿಲ್ಲ. ಡಿಟೆಕ್ಟ್ ಆಗುವ ವಸ್ತು ಅಡಗಿರುತ್ತದೆ, ಇಲ್ಲವೇ ತೀರಾ ಕಡಿಮೆ ಇರುತ್ತದೆ. ಹುಡುಕುವವರು ಬೇಕಂತಲೇ ಹುಡುಕುತ್ತಿರುತ್ತಾರೆ. ಹುಡುಕುವುದು ಮನುಷ್ಯರೇ ಆಗಬೇಕಿಲ್ಲ, ಯಂತ್ರವೂ ಆಗಬಹುದು. ಹೊಗೆಯನ್ನು, ಲೋಹವನ್ನು, ಸೋರುವ ಅನಿಲವನ್ನು ಯಂತ್ರಗಳು ಡಿಟೆಕ್ಟ್ ಮಾಡುತ್ತವೆ. ಯಂತ್ರ ನೋಟಿಸ್ ಮಾಡುವುದಿಲ್ಲ, ಯಾಕೆಂದರೆ ನೋಟಿಸ್‌ಗೆ ಮನಸ್ಸು ಬೇಕು.

ಮಲೇರಿಯಾ ಪರೀಕ್ಷೆಯಲ್ಲಿ ಡಿಟೆಕ್ಟ್ ಮತ್ತು ಐಡೆಂಟಿಫೈ ಎಷ್ಟು ಬೇರೆ ಅನ್ನೋದು ಕಣ್ಣಾರೆ ಕಾಣುತ್ತದೆ. ಲ್ಯಾಬಿನಲ್ಲಿ ರಕ್ತವನ್ನು ಎರಡು ಬಗೆಯಲ್ಲಿ ಸವರುತ್ತಾರೆ, ಒಂದು ದಪ್ಪ, ಒಂದು ತೆಳು. ದಪ್ಪ ಸ್ಮಿಯರ್‌ನಲ್ಲಿ ಒಂದೇ ಜಾಗದಲ್ಲಿ ರಕ್ತ ಜಾಸ್ತಿ ಇರುತ್ತದೆ, ಕೆಂಪುಕಣಗಳು ಒಡೆದು ಹೋಗಿರುತ್ತವೆ. ಹಾಗಾಗಿ ಪರಾವಲಂಬಿ ಎರಡೇ ಮೂರೇ ಇದ್ದರೂ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಅದು ಡಿಟೆಕ್ಟ್ ಮಾಡಲು. ತೆಳು ಸ್ಮಿಯರ್‌ನಲ್ಲಿ ಕಣಗಳು ಒಡೆಯದೆ ಒಂದರ ಪಕ್ಕ ಒಂದು ಹರಡಿರುತ್ತವೆ. ರೋಗ ತಗುಲಿದ ಕೆಂಪುಕಣ ಉಬ್ಬಿದೆಯಾ, ಒಂದೇ ಕಣದಲ್ಲಿ ಎರಡು ಮೂರು ಉಂಗುರ ಇವೆಯಾ, ಬಾಳೆಹಣ್ಣಿನ ಆಕಾರ ಕಾಣುತ್ತದಾ ಅಂತ ನೋಡಿ ಇದು ವೈವ್ಯಾಕ್ಸ್, ಇದು ಫಾಲ್ಸಿಪೇರಂ ಅಂತ ಪರಾವಲಂಬಿಯ ಜಾತಿ ಹೇಳುತ್ತಾರೆ. ಅದು ಐಡೆಂಟಿಫೈ ಮಾಡಲು. ಒಂದೇ ರೋಗಿ, ಒಂದೇ ರಕ್ತ, ಎರಡು ಬಗೆಯ ಸ್ಲೈಡ್, ಎರಡು ಕ್ರಿಯಾಪದ. ಇದನ್ನು ಹೇಳುವಾಗ ಫೋನಿನ ಆ ಕಡೆ ಹುಡುಗಿ ‘ಹೌದಲ್ವಾ ಚಿಕ್ಕಮ್ಮಾ’ ಅಂದಳು. ಕೆಲಸ ಅವಳಿಗೆ ಪೂರ್ತಿ ಗೊತ್ತಿತ್ತು, ಪದ ಮಾತ್ರ ಕೂಡಿ ಬಂದಿರಲಿಲ್ಲ.

2020ರಲ್ಲಿ ಕೋವಿಡ್ ಪರೀಕ್ಷೆಯ ವರದಿ ಕೈಗೆ ಬಂದವರಿಗೆ ‘ನಾಟ್ ಡಿಟೆಕ್ಟೆಡ್’ ಅನ್ನುವ ಸಾಲು ನೆನಪಿರಬಹುದು. ‘ಇಲ್ಲ’ ಅಂತ ಬರೆಯದೆ ‘ಪತ್ತೆಯಾಗಿಲ್ಲ’ ಅಂತ ಬರೆದದ್ದಕ್ಕೆ ಕಾರಣ ಇದೆ. ಈ ಪರೀಕ್ಷೆಗೆ ಸಿಗಲಿಲ್ಲ ಅಂತಷ್ಟೇ ಲ್ಯಾಬ್ ಹೇಳಬಲ್ಲದು, ದೇಹದಲ್ಲಿ ಎಲ್ಲೂ ಇಲ್ಲವೇ ಇಲ್ಲ ಅಂತ ಅದು ಮಾತು ಕೊಡಲಾರದು. ಈ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸುತ್ತದೆ. ಅನುವಾದದಲ್ಲೂ ಅದನ್ನು ಉಳಿಸಿ. ‘ಸೋಂಕು ಇಲ್ಲ’ ಮತ್ತು ‘ಸೋಂಕು ಪತ್ತೆಯಾಗಿಲ್ಲ’ ಒಂದೇ ಅಲ್ಲ.

ಪರ್ಸೀವ್: ಕಂಡದ್ದು, ಅನ್ನಿಸಿದ್ದು

ಇದನ್ನು ಜನ ‘ನೋಡು’ವಿಗೆ ಗಂಭೀರ ರೂಪ ಅಂದುಕೊಂಡು ಬಳಸುತ್ತಾರೆ. ‘ಐ ಪರ್ಸೀವ್ಡ್ ಎ ಡಾಗ್’ ಅಂತ ಯಾರೂ ಬರೆಯುವುದಿಲ್ಲ. ಪರ್ಸೀವ್‌ಗೆ ಎರಡು ಜಾಗ. ಒಂದು, ಇಂದ್ರಿಯಗಳ ಬಗ್ಗೆ ಮಾತಾಡುವಾಗ: ಬಣ್ಣವನ್ನು, ಶ್ರುತಿಯನ್ನು, ಆಳವನ್ನು ಮೆದುಳು ಹೇಗೆ ಗ್ರಹಿಸುತ್ತದೆ ಅನ್ನುವಂಥ ಕಡೆ. ಎರಡನೆಯದು ದಿನಪತ್ರಿಕೆಯಲ್ಲಿ ಜಾಸ್ತಿ ಕಾಣುವುದು: ‘ಹಾಗಂತ ಜನರಿಗೆ ಅನ್ನಿಸಿದೆ’ ಅನ್ನುವ ಅರ್ಥ.

ಈ ಎರಡನೆಯದರಲ್ಲಿ ಒಂದು ಗುಟ್ಟಿದೆ. ‘ಹೀ ಈಸ್ ಪರ್ಸೀವ್ಡ್ ಆ್ಯಸ್ ಆರೊಗೆಂಟ್’ ಅಂದರೆ ಅವನು ಜಂಬದವನ ಹಾಗೆ ಕಾಣುತ್ತಾನೆ ಅಂತಷ್ಟೇ. ನಿಜವಾಗಿ ಜಂಬ ಇದೆಯೋ ಇಲ್ಲವೋ, ಬರೆದವರು ಒಪ್ಪಿಕೊಂಡಿಲ್ಲ. ರೆಕಗ್ನೈಸ್ ಹಾಗಲ್ಲ. ‘ಅಪಾಯವನ್ನು ರೆಕಗ್ನೈಸ್ ಮಾಡಿದರು’ ಅಂದರೆ ಅಪಾಯ ನಿಜಕ್ಕೂ ಇತ್ತು, ಅದನ್ನು ಅರಿತರು. ‘ಅಪಾಯವನ್ನು ಪರ್ಸೀವ್ ಮಾಡಿದರು’ ಅಂದರೆ ಅವರಿಗೆ ಹಾಗೆ ಕಂಡಿತು. ಸುದ್ದಿ ಬರೆಯುವವರು, ವರದಿ ಬರೆಯುವವರು ಈ ಜೋಡಿಯನ್ನು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು. ಒಂದು ಪದ ತಪ್ಪಿದರೆ ನೀವು ಒಪ್ಪದ ಮಾತನ್ನು ಒಪ್ಪಿದ ಹಾಗಾಗುತ್ತದೆ.

ಮೇಕ್ ಔಟ್ ಮತ್ತು ಡಿಸರ್ನ್

ಎರಡೂ ಕಷ್ಟಪಟ್ಟು ಕಾಣುವುದೇ. ವ್ಯತ್ಯಾಸ ಇರುವುದು ಎಲ್ಲಿ ಬಳಸುತ್ತೇವೆ ಅನ್ನೋದರಲ್ಲಿ, ಏನನ್ನು ಕಾಣುತ್ತೇವೆ ಅನ್ನೋದರಲ್ಲಿ.

ಔಷಧಿ ಚೀಟಿಯಲ್ಲಿ ಡಾಕ್ಟರ್ ಬರೆದದ್ದು ಓದಲು ಆಗುತ್ತಿಲ್ಲ. ಮಂಜಿನಲ್ಲಿ ಎದುರು ಬರುವ ಬಸ್ಸಿನ ಬೋರ್ಡ್ ಕಾಣುತ್ತಿಲ್ಲ. ಗದ್ದಲದಲ್ಲಿ ಮೈಕಿನವರು ಏನಂದರು ಅಂತ ತಿಳಿಯಲಿಲ್ಲ. ಇದಕ್ಕೆಲ್ಲ ‘ಐ ಕುಡ್ ನಾಟ್ ಮೇಕ್ ಔಟ್’. ಸಾಮಾನ್ಯವಾಗಿ ‘ಕ್ಯಾನ್’, ‘ಕುಡ್’ ಜೊತೆಗೇ ಬರುತ್ತದೆ, ಅದರಲ್ಲೂ ‘ಆಗಲಿಲ್ಲ’ ಅನ್ನುವ ಕಡೆ ಜಾಸ್ತಿ. ಅಮೆರಿಕದಲ್ಲಿ ಇರುವವರು ಒಂದು ವಿಷಯ ತಿಳಿದಿರಲಿ: ಅಲ್ಲಿ ಒಬ್ಬರ ‘ವಿತ್’ ಮೇಕ್ ಔಟ್ ಅಂದರೆ ಮುತ್ತು ಕೊಡುವುದು, ಮುದ್ದಾಡುವುದು. ಪದದ ಮುಂದೆ ‘ವಿತ್’ ಬಾರದ ಹಾಗೆ ನೋಡಿಕೊಂಡರೆ ಸಾಕು.

ಡಿಸರ್ನ್ ಕಣ್ಣಿಗಿಂತ ಮನಸ್ಸಿನ ಕೆಲಸ. ಲ್ಯಾಟಿನ್ನಿನಲ್ಲಿ ಇದರ ಬೇರು ಜರಡಿ ಹಿಡಿಯುವುದು, ಬೇರೆ ಮಾಡುವುದು. ಅಜ್ಜಿ ಮೊರದಲ್ಲಿ ರಾಗಿ ಕೇರುವುದನ್ನು ನೋಡಿದವರಿಗೆ ಈ ಪದ ಅರ್ಧ ಅರ್ಥವಾದ ಹಾಗೆ. ಮೊರ ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತದೆ, ಜೊಳ್ಳು ಮುಂದಕ್ಕೆ ಹಾರುತ್ತದೆ, ಗಟ್ಟಿ ಕಾಳು ಹಿಂದೆ ಉಳಿಯುತ್ತದೆ. ಅವಸರ ಇಲ್ಲ, ಆದರೆ ಕಣ್ಣು ಅಲ್ಲೇ ಇರುತ್ತದೆ. ಒಬ್ಬರ ಮಾತಿನ ಹಿಂದಿನ ಉದ್ದೇಶವನ್ನು, ಹತ್ತು ವರ್ಷದ ಮಳೆ ಲೆಕ್ಕದಲ್ಲಿ ಒಂದು ಒಲವನ್ನು, ಕವಿಯ ಸಾಲಿನಲ್ಲಿ ಅಡಗಿದ ದುಃಖವನ್ನು ಡಿಸರ್ನ್ ಮಾಡುತ್ತಾರೆ. ಕನ್ನಡದಲ್ಲಿ ‘ಅರಿತುಕೊ’, ‘ವಿವೇಚಿಸು’ ಹತ್ತಿರ ಬರುತ್ತವೆ.

ವರದಿಯಲ್ಲಿ ಇದರ ಗುಣವಾಚಕ ತುಂಬಾ ಕೆಲಸಕ್ಕೆ ಬರುತ್ತದೆ. ‘ನೋ ಡಿಸರ್ನಿಬಲ್ ಚೇಂಜ್’ ಅಂದರೆ ಗಮನಕ್ಕೆ ಬರುವಷ್ಟು ಬದಲಾವಣೆ ಇಲ್ಲ. ಇನ್ನು ‘ಡಿಸರ್ನಿಂಗ್’ ಅಂದರೆ ಒಳ್ಳೆಯದನ್ನು ಆರಿಸಲು ಬಲ್ಲವರು, ಅದು ಹೊಗಳಿಕೆ. ಪದ ಸುಂದರವಾಗಿದೆ, ಒಪ್ಪುತ್ತೇನೆ. ಆದರೆ ಒಂದು ಪುಟದಲ್ಲಿ ಒಂದು ಸಲಕ್ಕಿಂತ ಜಾಸ್ತಿ ಬಂದರೆ ಭಾರವಾಗುತ್ತದೆ.

ಎರಡು ವಸ್ತು ಎದುರಿಗಿದ್ದಾಗ

ಇಲ್ಲಿಯವರೆಗೆ ಒಂದೇ ವಸ್ತುವಿನ ಮಾತಾಯಿತು. ಎರಡನ್ನು ಪಕ್ಕಪಕ್ಕ ಇಟ್ಟು ಬೇರೆ ಬೇರೆ ಅಂತ ಹೇಳುವಾಗ ನಾಲ್ಕು ಪದಗಳ ಪೈಪೋಟಿ: ಟೆಲ್, ಡಿಸ್ಟಿಂಗ್ವಿಶ್, ಡಿಫರೆನ್ಶಿಯೇಟ್, ಡಿಸ್ಕ್ರಿಮಿನೇಟ್.

ನಾನು ಮೊದಲು ಶಿಫಾರಸು ಮಾಡುವುದು ಟೆಲ್. ನಮ್ಮವರು ಇದನ್ನು ‘ಹೇಳು’ ಅಂತ ಮಾತ್ರ ಕಲಿತಿರುತ್ತಾರೆ, ಆದ್ದರಿಂದ ಬಳಸುವುದೇ ಇಲ್ಲ. ಇಂಗ್ಲಿಷರ ಮನೆಮಾತಿನಲ್ಲಿ ಅವಳಿಮಕ್ಕಳನ್ನು ‘ಟೆಲ್ ಅಪಾರ್ಟ್’ ಮಾಡುತ್ತಾರೆ, ನಂದಿನಿ ತುಪ್ಪಕ್ಕೂ ಮನೆ ತುಪ್ಪಕ್ಕೂ ‘ಟೆಲ್ ದ ಡಿಫರೆನ್ಸ್’ ಅನ್ನಬಹುದು. ಹಳೆಯ ಇಂಗ್ಲಿಷಿನಲ್ಲಿ ಟೆಲ್ ಅಂದರೆ ಎಣಿಸುವುದು ಅಂತಲೂ ಅರ್ಥ ಇತ್ತು. ಬ್ಯಾಂಕಿನಲ್ಲಿ ದುಡ್ಡು ಎಣಿಸುವವರಿಗೆ ಟೆಲ್ಲರ್ ಅನ್ನುವ ಹೆಸರು ಅಲ್ಲಿಂದಲೇ ಉಳಿದದ್ದು. ಕರಾವಳಿಯವರು ‘ನಾನು ಹಾಗೆ ಎಣಿಸಿದೆ’ ಅಂದರೆ ‘ಹಾಗೆ ಅಂದುಕೊಂಡೆ’ ಅಂತ. ಎಣಿಕೆಗೂ ಅರಿವಿಗೂ ನಂಟು ಹಾಕಿದ್ದು ಇಂಗ್ಲಿಷರು ಮಾತ್ರ ಅಲ್ಲ, ನೋಡಿ.

ಡಿಸ್ಟಿಂಗ್ವಿಶ್ ಇದೇ ಕೆಲಸವನ್ನು ಬರವಣಿಗೆಯಲ್ಲಿ ಮಾಡುತ್ತದೆ. ಎರಡು ರೂಪ ನೆನಪಿಡಿ: ಒಂದನ್ನು ಇನ್ನೊಂದರ ‘ಫ್ರಮ್’ ಡಿಸ್ಟಿಂಗ್ವಿಶ್ ಮಾಡುವುದು, ಅಥವಾ ಎರಡರ ‘ಬಿಟ್ವೀನ್’ ಡಿಸ್ಟಿಂಗ್ವಿಶ್ ಮಾಡುವುದು. ಲ್ಯಾಬಿನಲ್ಲಿ ಕೆಂಪುಕಣದ ಮೇಲೆ ಪ್ಲೇಟ್‌ಲೆಟ್ ಒಂದು ಕೂತಿದ್ದರೆ ಅದು ಮಲೇರಿಯಾ ಪರಾವಲಂಬಿಯ ಹಾಗೇ ಕಾಣುತ್ತದೆ. ಹೊಸಬರು ಮೋಸಹೋಗುವುದು ಅಲ್ಲಿ. ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣಿಗೆ ಡಿಸ್ಟಿಂಗ್ವಿಶ್ ಅನ್ನಬೇಕು.

ಇನ್ನೂ ಒಳ್ಳೆಯ ಉದಾಹರಣೆ ಬಾಂಬೆ ರಕ್ತದ ಗುಂಪು. 1952ರಲ್ಲಿ ಆಗಿನ ಬಾಂಬೆಯಲ್ಲಿ ಇದನ್ನು ಮೊದಲ ಬಾರಿ ವಿವರಿಸಿದವರು ವೈ. ಎಂ. ಭೆಂಡೆ ಮತ್ತು ಅವರ ಜೊತೆಗಾರರು. ಎ, ಬಿ ಸೀರಂ ಹಾಕುವ ಮಾಮೂಲಿ ಪರೀಕ್ಷೆಯಲ್ಲಿ ಈ ರಕ್ತ ಓ ಗುಂಪಿನ ಹಾಗೇ ವರ್ತಿಸುತ್ತದೆ, ಎಲ್ಲೂ ಗಂಟು ಕಟ್ಟುವುದಿಲ್ಲ. ಓ ಗುಂಪಿನ ಕೆಂಪುಕಣಗಳ ಮೇಲೆ ಎಚ್ ಅನ್ನುವ ಅಂಶ ಇರುತ್ತದೆ, ಬಾಂಬೆ ಗುಂಪಿನಲ್ಲಿ ಇರುವುದಿಲ್ಲ. ಎಚ್ ವಿರುದ್ಧದ ಸೀರಂ ಹಾಕಿದಾಗ ಆ ವ್ಯತ್ಯಾಸ ಹೊರಬರುತ್ತದೆ. ಈ ಗುಂಪಿನವರಿಗೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಮಾಮೂಲಿ ಪರೀಕ್ಷೆ ಇವೆರಡನ್ನೂ ಡಿಸ್ಟಿಂಗ್ವಿಶ್ ಮಾಡಲಾರದು. ಇಲ್ಲಿ ವಾಕ್ಯದ ಕರ್ತೃ ಮನುಷ್ಯರಲ್ಲ, ಪರೀಕ್ಷೆ. ಹಾಗೆಯೇ ಒಂದು ಲಕ್ಷಣವೂ ಕರ್ತೃ ಆಗಬಹುದು, ‘ಇದನ್ನು ಬೇರೆ ಮಾಡಿ ತೋರಿಸುವುದು ಇದರ ಬಣ್ಣ’ ಅನ್ನುವ ಹಾಗೆ. ಈ ಸೌಲಭ್ಯ ಟೆಲ್‌ಗೆ ಇಲ್ಲ.

ಡಿಫರೆನ್ಶಿಯೇಟ್ ಅನೇಕ ಕಡೆ ಡಿಸ್ಟಿಂಗ್ವಿಶ್ ಜಾಗದಲ್ಲಿ ಕೂರುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಆದರೂ ಅದರ ಸ್ವಂತ ಮನೆ ಬೇರೆ. ಮೊದಲನೆಯದಾಗಿ ಅದು ತಾಂತ್ರಿಕ ಪದ. ಲ್ಯಾಬಿನವರು ‘ಡಿಸಿ’ ಅನ್ನುವುದು ಡಿಫರೆನ್ಶಿಯಲ್ ಕೌಂಟ್‌ಗೆ. ನೂರು ಬಿಳಿಕಣ ಎಣಿಸಿ ನ್ಯೂಟ್ರೊಫಿಲ್ ಎಷ್ಟು, ಲಿಂಫೊಸೈಟ್ ಎಷ್ಟು, ಮಾನೊಸೈಟ್, ಇಯೊಸಿನೊಫಿಲ್, ಬೇಸೊಫಿಲ್ ಎಷ್ಟೆಷ್ಟು ಅಂತ ಐದು ಬಗೆಯಾಗಿ ವಿಂಗಡಿಸುವುದು. ಅಲ್ಲಿ ಅಕ್ಕನ ಮಗಳಿಗೆ ಈ ಪದವೇ ಸರಿ, ಯಾಕೆಂದರೆ ಓದುವವರೂ ಅದೇ ಕ್ಷೇತ್ರದವರು. ಎರಡನೆಯದಾಗಿ, ಡಿಸ್ಟಿಂಗ್ವಿಶ್ ಹೆಚ್ಚಾಗಿ ಇರುವ ವ್ಯತ್ಯಾಸವನ್ನು ಕಾಣುವುದು. ಡಿಫರೆನ್ಶಿಯೇಟ್‌ನಲ್ಲಿ ವ್ಯತ್ಯಾಸವನ್ನು ಉಂಟುಮಾಡುವ ಅರ್ಥ ಗಟ್ಟಿ. ವ್ಯಾಪಾರದವರು ತಮ್ಮ ಸರಕನ್ನು ಡಿಫರೆನ್ಶಿಯೇಟ್ ಮಾಡುತ್ತಾರೆ, ದೇಹದ ಕಣಗಳು ಬೆಳೆಯುತ್ತಾ ಡಿಫರೆನ್ಶಿಯೇಟ್ ಆಗುತ್ತವೆ.

ಡಿಸ್ಕ್ರಿಮಿನೇಟ್ ಬಗ್ಗೆ ಎಚ್ಚರ. ಮೂಲದಲ್ಲಿ ಇದೂ ‘ವ್ಯತ್ಯಾಸ ಅರಿ’ ಅಂತಲೇ. ಇಂದು ಹೆಚ್ಚಿನವರ ಕಿವಿಗೆ ಬೀಳುವುದು ಇನ್ನೊಂದು ಅರ್ಥ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕಷ್ಟೇ ಯಾವ ನಾಗರಿಕರ ‘ಅಗೇನ್ಸ್ಟ್’ ಕೂಡ ರಾಜ್ಯ ಡಿಸ್ಕ್ರಿಮಿನೇಟ್ ಮಾಡಬಾರದು ಅಂತ ಇದೆ. ‘ಅಗೇನ್ಸ್ಟ್’ ಬಂದರೆ ತಾರತಮ್ಯ. ‘ಬಿಟ್ವೀನ್’ ಬಂದರೆ ಬರೀ ವ್ಯತ್ಯಾಸ ಕಾಣುವುದು, ಅದು ಮನೋವಿಜ್ಞಾನದ ಬರಹಗಳಲ್ಲಿ ಈಗಲೂ ಜೀವಂತ. ‘ಡಿಸ್ಕ್ರಿಮಿನೇಟಿಂಗ್’ ರುಚಿ ಅನ್ನುವ ಹೊಗಳಿಕೆಯೂ ಉಳಿದಿದೆ.

ನನಗೆ ಇಲ್ಲಿ ತುಂಬಾ ಪ್ರೀತಿ ಹುಟ್ಟಿಸುವ ಸಂಗತಿ ಒಂದಿದೆ. ನಮ್ಮ ‘ತಾರತಮ್ಯ’ ಪದವೂ ಇದೇ ದಾರಿ ನಡೆದಿದೆ. ಅದು ಹುಟ್ಟಿದ್ದು ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳಿಂದ, ಹೆಚ್ಚು ಮತ್ತು ಅತಿ ಹೆಚ್ಚು ಅಂತ ಹೇಳುವ ಕೊಂಡಿಗಳು. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ತಾರತಮ್ಯ ಅಂದರೆ ಜೀವರಲ್ಲಿ, ದೇವತೆಗಳಲ್ಲಿ ಇರುವ ಮೇಲು ಕೆಳಗಿನ ಕ್ರಮ, ಅದೊಂದು ಸಿದ್ಧಾಂತ. ಇಂದು ಕಚೇರಿಯಲ್ಲಿ ‘ತಾರತಮ್ಯ ಮಾಡ್ತಾರೆ’ ಅಂದರೆ ಅದು ದೂರು. ಎರಡು ಭಾಷೆ, ಎರಡು ಪದ, ಇಬ್ಬರಿಗೂ ಒಂದೇ ಗತಿ. ಹಾಗಾಗಿ ಕಚೇರಿ ಮೇಲ್‌ನಲ್ಲಿ ಎರಡು ಟೆಂಡರ್‌ಗಳ ವ್ಯತ್ಯಾಸ ಹೇಳುವಾಗ ಡಿಸ್ಕ್ರಿಮಿನೇಟ್ ಬೇಡ. ಡಿಸ್ಟಿಂಗ್ವಿಶ್ ಸಾಕು.

ನಿಮ್ಮ ಅಗತ್ಯಕ್ಕೆ ಎಷ್ಟು ಬೇಕು?

ಎಲ್ಲರಿಗೂ ಎಲ್ಲ ಪದ ಬೇಕಿಲ್ಲ. ಕಲಿಯಲು ಸಮಯ ಕಡಿಮೆ ಇದ್ದರೆ, ಮಾತಾಡುವುದಷ್ಟೇ ಮುಖ್ಯವಾದರೆ ಸೀ, ನೋಟಿಸ್, ರೆಕಗ್ನೈಸ್, ಟೆಲ್ ನಾಲ್ಕನ್ನು ಗಟ್ಟಿಮಾಡಿಕೊಳ್ಳಿ. ಬೆಂಗಳೂರಿನ ಕಂಪನಿಯಲ್ಲೋ ಲಂಡನ್ನಿನ ಅಂಗಡಿಯಲ್ಲೋ ದಿನ ಕಳೆಯಲು ಇವು ಸಾಲುತ್ತವೆ. ಕಚೇರಿ ಪತ್ರ, ವರದಿ ಬರೆಯುವವರು ಐಡೆಂಟಿಫೈ, ಡಿಟೆಕ್ಟ್, ಡಿಸ್ಟಿಂಗ್ವಿಶ್ ಸೇರಿಸಿಕೊಳ್ಳಿ. ಅದರಿಂದ ಬರುವ ಲಾಭ ದೊಡ್ಡದು.

ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವವರಿಗೆ ಒಂದು ಮಾತು. ಅಲ್ಲಿ ಬರವಣಿಗೆಯನ್ನು ಅಳೆಯುವ ನಾಲ್ಕು ಅಳತೆಗಳಲ್ಲಿ ಪದಬಳಕೆಯೂ ಒಂದು. ಅದಕ್ಕೇ ಎಲ್ಲರೂ ಡಿಸರ್ನ್, ಪರ್ಸೀವ್ ಅಂತ ದೊಡ್ಡ ಪದ ತುರುಕುತ್ತಾರೆ. ಪದ ದೊಡ್ಡದಾದರೆ ಸಾಲದು, ಪಕ್ಕದ ಪದದ ಜೊತೆ ಹೊಂದಬೇಕು. ತಪ್ಪು ಜಾಗದ ಡಿಸರ್ನ್‌ಗಿಂತ ಸರಿಯಾದ ಜಾಗದ ನೋಟಿಸ್ ಮೇಲು.

ಅನುವಾದಕರಿಗೆ ಮಾತ್ರ ಯಾವುದನ್ನೂ ಬಿಡುವ ಹಾಗಿಲ್ಲ, ಮತ್ತು ಅವರ ಕಷ್ಟ ತಿರುಗುಮುರುಗು. ಇಂಗ್ಲಿಷಿನ ಹತ್ತು ಪದ ಎದುರಿಗೆ ಬಂದಾಗ ಎಲ್ಲದಕ್ಕೂ ‘ಗುರುತಿಸು’ ಹಾಕಿದರೆ ಕನ್ನಡ ಬಡವಾಗುತ್ತದೆ. ನಮ್ಮಲ್ಲಿ ಪತ್ತೆಹಚ್ಚು ಇದೆ, ಕಂಡುಕೊ ಇದೆ, ಅರಿ ಇದೆ, ಗ್ರಹಿಸು ಇದೆ, ‘ಕಣ್ಣಿಗೆ ಬೀಳು’ ಇದೆ, ‘ಗುರುತು ಹಿಡಿ’ ಇದೆ, ‘ಗುರುತು ಸಿಗು’ ಇದೆ. ಬಸ್ ನಿಲ್ದಾಣದ ಆ ಹೆಂಗಸು ‘ಗುರುತು ಸಿಕ್ತಾ?’ ಅಂತ ಕೇಳಿದ್ದರೆ ನಾನು ಏನು ಹೇಳಬೇಕಿತ್ತು ಅಂತ ಈಗಲೂ ಯೋಚಿಸುತ್ತೇನೆ. ಸಿಕ್ಕಿತ್ತು, ಸಿಕ್ಕಿರಲಿಲ್ಲ, ಎರಡೂ ನಿಜ.

ಅಕ್ಕನ ಮಗಳು ಆ ರಾತ್ರಿಯೇ ಅರ್ಜಿ ತಿದ್ದಿ ಕಳಿಸಿದಳು. ರಕ್ತದ ಗುಂಪಿಗೆ ಐಡೆಂಟಿಫೈ. ದಪ್ಪ ಸ್ಮಿಯರ್‌ನಲ್ಲಿ ಮಲೇರಿಯಾ ಪರಾವಲಂಬಿಯನ್ನು ಡಿಟೆಕ್ಟ್, ತೆಳು ಸ್ಮಿಯರ್‌ನಲ್ಲಿ ಅದರ ಜಾತಿಯನ್ನು ಐಡೆಂಟಿಫೈ. ಬಿಳಿಕಣಗಳಿಗೆ ಡಿಫರೆನ್ಶಿಯೇಟ್. ಕೊನೆಗೆ ತಾನೇ ಒಂದು ಸಾಲು ಸೇರಿಸಿದ್ದಳು, ಪ್ಲೇಟ್‌ಲೆಟ್‌ಗೂ ಪರಾವಲಂಬಿಗೂ ಇರುವ ವ್ಯತ್ಯಾಸ ಕಾಣಬಲ್ಲೆ ಅಂತ. ಡಿಸ್ಟಿಂಗ್ವಿಶ್ ಹಾಕಿ, ಪಕ್ಕದಲ್ಲಿ ‘ಫ್ರಮ್’ ಕೂಡ ಸರಿಯಾಗಿ ಇಟ್ಟಿದ್ದಳು.